ಸಿಂಗ್ ಮತ್ತು ಕ್ಷೌರ

ಅಂಗಡಿಯ ಷಟರ್ ಎತ್ತಿ ಇನ್ನೂ ಬೆವರು ಒರೆಸಿಕೊಂಡಿರಲಿಲ್ಲ, ಒಬ್ಬ ಮನುಷ್ಯ ಗಲ್ಲ ಸವರಿಕೊಳ್ಳುತ್ತಾ ಒಳಗೆ ಬಂದ. ಬಾಗಿಲ ಪಕ್ಕದಲ್ಲಿ ಹೊಸ ಕವರು ಹಾಕಿ ಇಟ್ಟಿದ್ದ ಕಾರಿನ ಸೀಟಿನ ಮೇಲೆ ಕೂತ. ಕಾಲು ಚಾಚಿದ. ತಲೆ ಹಿಂದಕ್ಕೆ ಒರಗಿಸಿದ.

"ಶೇವಿಂಗ್ ಮಾತ್ರ. ಮೀಸೆ ಮುಟ್ಟಬೇಡಿ. ಆಫೀಸಿಗೆ ಹೊತ್ತಾಯ್ತು," ಅಂದು ಕಣ್ಣು ಮುಚ್ಚಿಕೊಂಡ.

ಸರ್ದಾರಣ್ಣ ಇಕ್ಕಳ ಹಿಡಿದು ನಿಂತಿದ್ದವನು ಹಾಗೇ ನಿಂತ. ತಲೆಯ ಮೇಲೆ ನೀಲಿ ಪಗಡಿ, ಎದೆಯ ತುಂಬ ಗಡ್ಡ. ಹುಟ್ಟಿದಾಗಿನಿಂದ ಅವನ ಮೈಯ ಒಂದು ಕೂದಲಿಗೂ ಕತ್ತರಿ ತಾಗಿರಲಿಲ್ಲ. ಸಿಖ್ಖರು ಕೂದಲು ಕತ್ತರಿಸುವಂತಿಲ್ಲ. ಇಡೀ ಬೀದಿಯಲ್ಲಿ ಕ್ಷೌರ ಕೇಳುವುದಕ್ಕೆ ಅವನಿಗಿಂತ ತಪ್ಪು ಮನುಷ್ಯ ಸಿಗುತ್ತಿರಲಿಲ್ಲ.

"ಸ್ವಾಮಿ, ಸ್ವಲ್ಪ ನನ್ನ ಮುಖ ನೋಡಿ ಮಾತಾಡಿ," ಅಂದ.

ಆ ಮನುಷ್ಯ ಕಣ್ಣು ತೆರೆದ. ಗಡ್ಡ ನೋಡಿದ. ಪಗಡಿ ನೋಡಿದ. "ಹಾಗಾದ್ರೆ ಬೋರ್ಡು?"

"ಬೋರ್ಡಿಗೇನಾಯ್ತು?"

"ಕ್ಷೌರ ಅಂತ ಇದೆಯಲ್ರೀ! ಕೆಳಗೆ ಸೀಟು ಅಂತಾನೂ ಇದೆ. ಕೂತ್ಕೊಳ್ಳೋ ಸೀಟು ಚೆನ್ನಾಗಿ ಇಟ್ಟಿದ್ದಾರೇನೋ ಅಂದ್ಕೊಂಡೆ."

ಇಬ್ಬರೂ ಹೊರಗೆ ಹೋಗಿ ಕತ್ತೆತ್ತಿ ನೋಡಿದರು. ಹಳೆಯ ಬೋರ್ಡು ಮಾಸಿತ್ತು. ಹಿಂದಿನ ದಿನ ಅಂಗಡಿ ಮುಚ್ಚಿದ ಮೇಲೆ ಪೇಂಟರು ಬಂದು ಹೊಸದಾಗಿ ಬರೆದು ಹೋಗಿದ್ದ. ಬಿಳಿಯ ಮೇಲೆ ಕೆಂಪು, ಮುತ್ತು ಪೋಣಿಸಿದಂಥ ಅಕ್ಷರ. ಸಿಂಗ್ ಮತ್ತು ಕ್ಷೌರ. ಅದರ ಕೆಳಗೆ, ಲಾರಿ, ಬಸ್ಸು, ಕಾರಿನ ಸೀಟು ಕೆಲಸ.

ಸರ್ದಾರಣ್ಣ ಸೊಂಟ ಹಿಡಿದುಕೊಂಡು ನಗತೊಡಗಿದ. "ಇಲ್ಲಿ ಕತ್ತರಿ ಇದೆ ಸ್ವಾಮಿ, ಸುಳ್ಳು ಹೇಳಲ್ಲ. ಆದ್ರೆ ಅದು ರೆಕ್ಸಿನ್ ಕತ್ತರಿಸೋದು. ನಿಮ್ಮ ಗಡ್ಡಕ್ಕಿಟ್ರೆ ಗಲ್ಲಾನೂ ಜೊತೆಗೇ ಬರುತ್ತೆ."

ಆ ನಗುವಿಗೆ ಒಳಗೆ ಮಿಷನ್ನಿನ ಸದ್ದು ನಿಂತಿತು. ಅಂಗಡಿಯನ್ನು ಒಂದು ಪರದೆ ಎರಡು ಭಾಗ ಮಾಡಿತ್ತು. ಪರದೆಯ ಈಚೆ ಗಂಡ ಹಳೆಯ ಸೀಟು ಬಿಚ್ಚಿ, ಸ್ಪಂಜು ಕೂರಿಸಿ, ಕವರು ಎಳೆದು ಬಿಗಿಯುತ್ತಿದ್ದ. ಆಚೆ ಹೆಂಡತಿ ಕವರು ಹೊಲಿಯುತ್ತಿದ್ದಳು. ಲಾರಿ ಡ್ರೈವರುಗಳು ಅವಳನ್ನು ಸೂಜಿಯಮ್ಮ ಅನ್ನುತ್ತಿದ್ದರು. ಅವಳ ಮುಖ ಕಂಡವರಿಗಿಂತ ಅವಳ ಹೊಲಿಗೆಯ ಮೇಲೆ ಕೂತವರೇ ಹೆಚ್ಚು.

ಸೂಜಿಯಮ್ಮ ಪರದೆ ಸರಿಸಿ ಬಂದಳು. ಅಕ್ಷರ ಕೂಡಿಸಿ ಓದುವಷ್ಟೇ ಅವಳ ಓದು. ಬೋರ್ಡಿನ ಕೆಳಗೆ ನಿಂತು ಒಂದೊಂದೇ ಅಕ್ಷರಕ್ಕೆ ತುಟಿ ಅಲ್ಲಾಡಿಸಿದಳು. ಕೊನೆಗೆ ಬಂದಾಗ ತುಟಿ ನಿಂತಿತು.

"ಅಯ್ಯೋ, ನನ್ನ ಹೆಸರಿಗೇ ಕ್ಷೌರ ಮಾಡಿಬಿಟ್ಟನಲ್ರೀ!"

"ಒಳ್ಳೇದೇ ಆಯ್ತು ಬಿಡೇ. ಇಲ್ಲಿ ತಲೆ ಬೋಳಿಸ್ತಾರೆ ಅಂತ ಗಿರಾಕಿಗೆ ಮೊದಲೇ ಹೇಳಿದ ಹಾಗಾಯ್ತು."

ಶೇವಿಂಗಿಗೆ ಬಂದವನೂ ನಕ್ಕ. ಆಫೀಸಿನ ಹೊತ್ತು ಮೀರಿದರೂ ಚಹಾ ಕುಡಿದೇ ಹೋದ.

ಬೋರ್ಡಿನ ಮೇಲೆ ಇರಬೇಕಾಗಿದ್ದದ್ದು ಕೌರ್. ಅದನ್ನು ಬರೆಸಬೇಕೆಂದು ಹಟ ಹಿಡಿದವನು ಗಂಡನೇ. ಫೋನಿನಲ್ಲಿ ಪೇಂಟರಿಗೆ ಹೇಳುವಾಗ ಅಂಗಡಿಯ ಮುಂದೆ ಲಾರಿಯೊಂದು ಗುರುಗುಟ್ಟುತ್ತಿತ್ತು. ಪೇಂಟರಿಗೆ ಸಿಂಗ್ ಗೊತ್ತಿತ್ತು. ಕೌರ್ ಎಂಬ ಮಾತನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ಕೇಳದ ಮಾತನ್ನು ಕಿವಿ ತನಗೆ ಗೊತ್ತಿರುವ ಮಾತನ್ನಾಗಿ ಮಾಡಿಕೊಳ್ಳುತ್ತದೆ.

ಗಂಡನ ಹಟಕ್ಕೆ ಕಾರಣವಿತ್ತು. ಅವರಿಬ್ಬರದೂ ಒಂದೇ ಹೆಸರು. ಸಿಖ್ಖರಲ್ಲಿ ಮಗು ಹುಟ್ಟಿದರೆ ಗುರುದ್ವಾರಕ್ಕೆ ಹೋಗಿ ಗ್ರಂಥ ತೆರೆಯುತ್ತಾರೆ. ಆ ಪುಟದಲ್ಲಿ ಬಂದ ವಚನದ ಮೊದಲ ಅಕ್ಷರ ಯಾವುದೋ, ಮಗುವಿನ ಹೆಸರು ಆ ಅಕ್ಷರದಿಂದ. ಹೆಣ್ಣಿಗೆ ಬೇರೆ ಹೆಸರು, ಗಂಡಿಗೆ ಬೇರೆ ಹೆಸರು ಅಂತ ಇಲ್ಲ. ಒಂದೇ ಹೆಸರು ಇಬ್ಬರಿಗೂ ನಡೆಯುತ್ತದೆ. ಗಂಡಾದರೆ ಮುಂದೆ ಸಿಂಗ್, ಹೆಣ್ಣಾದರೆ ಕೌರ್. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ವರ್ಷದಲ್ಲಿ ಗ್ರಂಥ ತೆರೆದಾಗ ಈ ಇಬ್ಬರಿಗೂ ಅದೇ ಅಕ್ಷರ ಬಂದಿತ್ತು, ಹಿರಿಯರ ಬಾಯಿಗೆ ಅದೇ ಹೆಸರೂ ಬಂದಿತ್ತು. ಮದುವೆಯ ಮಾತುಕತೆಯಲ್ಲಿ ಎಲ್ಲರೂ ನಕ್ಕಿದ್ದರು. ಹುಡುಗನನ್ನು ಕರೆದರೆ ಹುಡುಗಿ "ಆ?" ಅಂದಿದ್ದಳು.

ಆಮೇಲೆ ಮನೆಯಲ್ಲಿ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಅವಳಿಗೆ ಅವನು "ರೀ". ಅವನಿಗೆ ಅವಳು "ಏನೇ". ಹೆಸರು ಇಬ್ಬರ ನಡುವೆ ಇಟ್ಟ ನೀರಿನ ಚೊಂಬಿನ ಹಾಗೆ ಸುಮ್ಮನೆ ಇತ್ತು.

"ಹೊಲಿಗೆ ನಿಂದು, ಹೆಸರು ನಂದು. ಇದ್ಯಾವ ನ್ಯಾಯ?" ಅಂತ ಗಂಡ ಬಹಳ ದಿನದಿಂದ ಹೇಳುತ್ತಿದ್ದ. "ಮೊದಲ ಹೆಸರು ಹೇಗೂ ಇಬ್ಬರದೂ ಒಂದೇ. ಅದನ್ನ ಬಿಟ್ಟು ಸಿಂಗ್ ಮತ್ತು ಕೌರ್ ಅಂತ ಬರೆಸೋಣ."

"ಬೋರ್ಡು ನೋಡಿ ಹೊಟ್ಟೆ ತುಂಬುತ್ತಾ?" ಅನ್ನುತ್ತಿದ್ದಳು. ಬೇಡ ಅಂತ ಮಾತ್ರ ಅಂದಿರಲಿಲ್ಲ.

ಆ ದಿನವಿಡೀ ನಗುವೇ. ಎದುರಿನ ಪಂಕ್ಚರ್ ಅಂಗಡಿಯವನು ತಲೆ ಬಾಗಿಸಿಕೊಂಡು ಬಂದು "ಹಿಂದುಗಡೆ ಸ್ವಲ್ಪ ಸಣ್ಣ ಮಾಡಿ ಸರ್ದಾರಣ್ಣ" ಅಂದು ಓಡಿದ. ಮಹಡಿಯ ಮನೆಯಲ್ಲಿದ್ದ ಅತ್ತೆ ವಿಷಯ ಕೇಳಿ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕಳು. ಸಂಜೆ ಸೂಜಿಯಮ್ಮ, "ಪೇಂಟರಿಗೆ ಫೋನು ಮಾಡಿ," ಅಂದಳು.

"ನಾಳೆ ಮಾಡ್ತೀನಿ ಬಿಡು. ಇವತ್ತೊಂದು ದಿನ ಇರಲಿ. ಜನ ನಗಲಿ," ಅಂದ ಗಂಡ.

ಮರುದಿನ ಬೆಳಗ್ಗೆ ಅವನು ಪಗಡಿಯ ಒಂದು ಸುತ್ತು ಸುತ್ತಿದ. ಎರಡನೆಯ ಸುತ್ತಿಗೆ ಕೈ ಮೇಲೇಳಲಿಲ್ಲ. ಗೋಡೆಗೆ ಒರಗಿ ಕೂತ. ಸೂಜಿಯಮ್ಮ ಒಲೆ ಆರಿಸಿ ಬರುವಷ್ಟರಲ್ಲಿ ಆಗಿಹೋಗಿತ್ತು. ಹೃದಯ ಅಂದರು ಡಾಕ್ಟರು. ಅವನಿಗೆ ಹೃದಯ ಇದೆ ಅಂತ ಅವಳಿಗೂ ಗೊತ್ತಿತ್ತು. ಅದು ಹೀಗೆ ಕೈ ಕೊಡುತ್ತದೆ ಅಂತ ಗೊತ್ತಿರಲಿಲ್ಲ.

ಅಂಗಡಿ ಮುಚ್ಚಿತು. ಬಂದವರೆಲ್ಲ ಬೋರ್ಡಿನ ಕೆಳಗೇ ಮೆಟ್ಟಿಲು ಹತ್ತಬೇಕು. ಹತ್ತುವಾಗ ಕೆಲವರ ಕಣ್ಣು ಅದರ ಮೇಲೆ ಬಿದ್ದು, ಬರುತ್ತಿದ್ದ ನಗುವನ್ನು ನುಂಗಿಕೊಂಡು, ಮೇಲೆ ಬಂದು ಅತ್ತರು. ಸೂಜಿಯಮ್ಮನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವನೇ ಇದ್ದಿದ್ದರೆ ಅವರನ್ನು ನಿಲ್ಲಿಸಿ ಕಥೆ ಹೇಳಿ ನಗಿಸುತ್ತಿದ್ದ.

ಪೇಂಟರೂ ಬಂದ. ಮೂಲೆಯಲ್ಲಿ ನಿಂತು, "ಅಮ್ಮಾ, ನನ್ನ ಕೈ ಮುರಿದುಹೋಗ. ಯಾವಾಗ ಹೇಳ್ತೀರೋ ಆಗ ಬಂದು ಸರಿ ಮಾಡ್ತೀನಿ," ಅಂದ.

"ಈಗ ಬೇಡಪ್ಪ," ಅಂದಳು. ಆ ತಪ್ಪಿನಲ್ಲಿ ಅವನ ಕೊನೆಯ ನಗು ಇತ್ತು. ಅದನ್ನು ಒರೆಸಲು ಅವಳಿಗೆ ಮನಸ್ಸು ಬರಲಿಲ್ಲ.

ಜನ ಕರೆಯುವ ರೀತಿ ಬದಲಾಯಿತು. ಮೊದಲು ಅವಳು ಸರ್ದಾರಣ್ಣನ ಹೆಂಡತಿ. ಈಗ "ಸರ್ದಾರಣ್ಣ ಇದ್ದರಲ್ಲ, ಪಾಪ, ಅವರ ಹೆಂಡತಿ". ಷಟರ್ ಅರ್ಧ ಎತ್ತಿ ಮಿಷನ್ನಿನ ಮುಂದೆ ಕೂತ ಮೊದಲ ದಿನವೇ ಒಬ್ಬ ಗಿರಾಕಿ ಬಗ್ಗಿ ಒಳಗೆ ನೋಡಿದ. ಅವಳು ಎದ್ದು ಬಂದು ಅವನ ಎದುರಿಗೇ ನಿಂತಳು. ಅವನು ಅವಳ ಭುಜದ ಮೇಲಿಂದ ಆಚೆ ನೋಡಿ, "ಅಂಗಡೀಲಿ ಯಾರೂ ಇಲ್ವಾ?" ಅಂದ.

ಅವಳು ತಿರುಗಿ ತಾನೂ ಒಳಗೆ ನೋಡಿದಳು. ಯಾರೂ ಇರಲಿಲ್ಲ. "ಇಲ್ಲ" ಅಂದುಬಿಟ್ಟಳು. ಅವನು ಹೋದ ಮೇಲೆ ತನ್ನ ಬಾಯಿಂದ ಬಂದ ಮಾತು ತನಗೇ ಕೇಳಿಸಿತು.

ಮೈದುನ ಶಾಲೆಯ ವ್ಯಾನು ಓಡಿಸುತ್ತಿದ್ದ. ಒಳ್ಳೆಯ ಹುಡುಗ. ಹುಡುಗ ಅಂದರೂ ಗಡ್ಡ ನರೆತಿತ್ತು. ಅಣ್ಣ ಹೋದಾಗ ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ. ಒಂದು ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆ ನೋಡುತ್ತಾ ಮಾತು ತೆಗೆದ.

"ಅತ್ತಿಗೆ, ನಾನು ವ್ಯಾನು ಬಿಡ್ತೀನಿ. ಅಂಗಡಿ ಮುಂದೆ ನಾನು ನಿಂತ್ಕೋತೀನಿ. ನೀವು ಒಳಗೆ ಹೊಲೀತಾ ಇರಿ. ಮೊದಲಿನ ಥರಾನೇ."

"ಬಿಗಿಯೋ ಕೆಲಸ ನಿನಗೆ ಬರುತ್ತೇನಪ್ಪ?"

"ಕಲೀತೀನಿ. ಗಿರಾಕಿ ಕಣ್ಣಿಗೆ ಒಬ್ಬ ಗಂಡಸು ಬೇಕು ಅತ್ತಿಗೆ. ಲಾರಿಯವರ ಜೊತೆ ನೀವು ಏಗೋಕಾಗುತ್ತಾ? ಆ ಬೋರ್ಡು ಒಂದು ನಗೆಪಾಟಲು. ಮತ್ತು ಕ್ಷೌರ ಅನ್ನೋದನ್ನ ಪೂರ್ತಿ ಅಳಿಸಿ ಸಿಂಗ್ ಬ್ರದರ್ಸ್ ಅಂತ ಬರೆಸೋಣ. ಅಣ್ಣನ ಹೆಸರೂ ಉಳಿಯುತ್ತೆ."

ಸೂಜಿಯಮ್ಮ ಸಾರು ಬಡಿಸುತ್ತಿದ್ದ ಸೌಟು ನಿಲ್ಲಿಸಿದಳು. "ನನ್ನದು?"

"ಅಯ್ಯೋ, ನೀವಿಬ್ಬರೂ ಒಂದೇ ಹೆಸರಿನೋರು. ಕೌರ್ ಅಳಿಸಿದ್ರೆ ಏನು ಕಳಕೊಂಡ ಹಾಗಾಯ್ತು? ಅಣ್ಣನ ಹೆಸರಲ್ಲೇ ನೀವೂ ಇದ್ದೀರಲ್ಲ."

ಅವನು ಪ್ರೀತಿಯಿಂದಲೇ ಅಂದ. ಕೆಟ್ಟವರು ಅಂದ ಮಾತಿಗೆ ಉತ್ತರ ನಾಲಿಗೆಯ ತುದಿಯಲ್ಲಿರುತ್ತದೆ. ಒಳ್ಳೆಯವರು ಅಂದದ್ದು ಗಂಟಲಲ್ಲಿ ಮುಳ್ಳಾಗಿ ಕೂರುತ್ತದೆ. ಪರದೆಯ ಹಿಂದಿನ ಜಾಗ ಅವಳ ಕಣ್ಣಿಗೆ ಬಂತು. ಈಚೆ ಗಂಡನಿದ್ದಾಗ ಆ ಪರದೆ ಬರೀ ಬಟ್ಟೆಯಾಗಿತ್ತು. ಇನ್ನು ಅದು ಗೋಡೆಯಾಗುತ್ತದೆ.

"ನೋಡೋಣ," ಅಂದಳು.

"ನೋಡೋದೇನು, ರಜೆ ದಿನ ಪೇಂಟರನ್ನ ಕರ್ಕೊಂಡು ಬರ್ತೀನಿ," ಅಂದು ಅವನು ಕೈ ತೊಳೆದ.

ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ಕೂತಿದ್ದಳು. ದೊಡ್ಡ ಮಗ ಹೋದ ಮೇಲೆ ಅವಳ ಮಾತು ಅರ್ಧವಾಗಿತ್ತು. ಮರುದಿನ ಕಿಟಕಿಯ ಹತ್ತಿರ ಅಕ್ಕಿ ಆರಿಸುವಾಗ ಸೊಸೆಯನ್ನು ಕೂಗಿದಳು.

"ನೀನು ಈ ಮನೆಗೆ ಬಂದಾಗ ನಾನು ನಿನಗೆ ಏನೇನು ಕೊಟ್ಟೆ?"

"ಬೈಗುಳ," ಅಂದಳು ಸೊಸೆ.

"ಅದು ಧಾರಾಳವಾಗಿ ಕೊಟ್ಟೆ. ಮತ್ತೆ?"

"ಎರಡು ಬಳೆ. ಒಂದು ಕಂಬಳಿ."

"ಹೆಸರು ಕೊಟ್ಟೆನಾ?"

ಸೊಸೆ ಇಲ್ಲ ಅಂತ ತಲೆ ಅಲ್ಲಾಡಿಸಿದಳು.

"ನಾನು ಬಂದಾಗ ನಮ್ಮತ್ತೇನೂ ಕೊಡಲಿಲ್ಲ. ಎದುರು ಮನೆಯೋಳು ಮದುವೆ ಆದ ಮೇಲೆ ಅಪ್ಪನ ಹೆಸರು ಬಿಚ್ಚಿಟ್ಟು ಗಂಡನ ಹೆಸರು ಉಟ್ಕೊಂಡಳು. ನಮಗೆ ಬಿಚ್ಚೋದೂ ಇಲ್ಲ, ಉಡೋದೂ ಇಲ್ಲ. ನಮ್ಮತ್ತೆ ಕೌರ್. ನಾನು ಕೌರ್. ನೀನು ಬರುವಾಗಲೇ ಕೌರ್. ನಾವ್ಯಾರೂ ಒಬ್ಬರಿಂದೊಬ್ಬರು ಇಸ್ಕೊಂಡಿದ್ದಲ್ಲ. ಗುರು ಕೊಟ್ಟಿದ್ದು. ಅಪ್ಪನ ಜಾತಿ ಕೇಳಿ ಕೊಟ್ಟಿದ್ದಲ್ಲ, ಗಂಡನ ಮನೆ ನೋಡಿ ಕೊಟ್ಟಿದ್ದೂ ಅಲ್ಲ."

"ಅಂದ್ರೆ ಸಿಂಹಿಣಿ ಅಂತಲ್ವಾ ಅತ್ತೆ?"

"ಸಿಂಹ ಸಿಂಗಿಗೆ. ಕೌರ್ ಅಂದ್ರೆ ರಾಜನ ಮಗು ಅಂತ ನಮ್ಮಪ್ಪ ಹೇಳ್ತಿದ್ರು. ಸಿಂಹಿಣಿ ಅನ್ನೋರೂ ಇದ್ದಾರೆ, ಅನ್ನಲಿ ಬಿಡು. ಎರಡೂ ಸುಳ್ಳಲ್ಲ, ನಾನು ಜಗಳಕ್ಕೆ ನಿಂತಿದ್ದು ನೀನೇ ನೋಡಿದ್ದೀಯ."

ಅತ್ತೆ ಒಂದು ಕಲ್ಲು ಹೆಕ್ಕಿ ಕಿಟಕಿಯಾಚೆ ಎಸೆದಳು. ದನಿ ಇಳಿಯಿತು.

"ನನ್ನ ಮಗ ಹೋದ. ಅವನ ಜೊತೆ ಹೋಗಬೇಕಾದ್ದೆಲ್ಲ ಹೋಯ್ತು. ನಿನ್ನ ಹೆಸರು ಅವನು ತಂದಿದ್ದಲ್ಲ ಕಣೇ, ಅವನ ಜೊತೆ ಹೋಗೋಕೆ. ನಾನು ತಪ್ಪು ಮಾಡಿದೆ. ನಿಮ್ಮ ಮಾವ ಹೋದ ಮೇಲೆ ನಾನು ಅವನಮ್ಮ, ಇವನಮ್ಮ, ನಿಮ್ಮತ್ತೆ. ಹೆಸರು ಹಿಡಿದು ಕರೆಯೋರು ಒಬ್ಬರೂ ಉಳಿದಿಲ್ಲ. ಉಪಯೋಗಿಸದೇ ಇದ್ರೆ ಕತ್ತರಿಗೇ ತುಕ್ಕು ಹಿಡಿಯುತ್ತೆ."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದರೂ ಸೂಜಿಯಮ್ಮ ಅತ್ತೆಯ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ. "ನಿಮ್ಮ ಬಾಯಲ್ಲಿ ನಿಮ್ಮ ಹೆಸರು ಒಂದ್ಸಲ ಹೇಳಿ ಅತ್ತೆ," ಅಂದಳು.

ಅತ್ತೆ ಹೇಳಿದಳು. ಪೂರ್ತಿ ಹೇಳಿದಳು, ಕೊನೆಯ ಕೌರ್ ಜೋರಾಗಿ ಬಂತು. ಹೇಳಿದ ಮೇಲೆ ನಾಚಿಕೆಯಾಗಿ ದುಪಟ್ಟದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಇಬ್ಬರೂ ಸ್ವಲ್ಪ ಅತ್ತರು. ಆಮೇಲೆ ಅಕ್ಕಿ ತೊಳೆಯಲು ಎದ್ದರು.

ರಜೆಯ ದಿನ ಮೈದುನ ಹೇಳಿದಂತೆ ಬಂದ. ಪೇಂಟರು ಏಣಿ ಹಾಕಿದ, ಸೀಮೆಎಣ್ಣೆ ಬಟ್ಟೆ ಹಿಡಿದು ಹತ್ತಿದ. ಅದೇ ಹೊತ್ತಿಗೆ ಒಬ್ಬ ಲಾರಿ ಡ್ರೈವರು ಹರಿದ ಸೀಟನ್ನು ಹೆಗಲ ಮೇಲೆ ಹೊತ್ತು ತಂದು ಅಂಗಡಿಯ ಮುಂದೆ ಇಳಿಸಿದ.

"ಮತ್ತು ಕ್ಷೌರ ಅನ್ನೋದನ್ನ ಪೂರ್ತಿ ಒರೆಸಿಬಿಡಪ್ಪ," ಅಂದ ಮೈದುನ ಕೆಳಗಿನಿಂದ.

ಸೂಜಿಯಮ್ಮ ಪರದೆ ಸರಿಸಿ ಬಂದಳು. ಸರಿಸಿದ ಪರದೆಯನ್ನು ಮೊಳೆಗೆ ಸುತ್ತಿ ಕಟ್ಟಿಯೇ ಬಂದಳು.

"ಪೇಂಟರಣ್ಣ, ಆ ಕ್ಷೌರಾನ ಕೌರ್ ಮಾಡಬೇಕಾದ್ರೆ ಎಷ್ಟು ಒರೆಸಬೇಕು?"

ಪೇಂಟರು ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದ. "ಜಾಸ್ತಿ ಏನಿಲ್ಲಮ್ಮ. ಕ-ದ ಕೆಳಗಿನ ಷ ಒತ್ತು ತೆಗೀಬೇಕು. ರ-ದ ತಲೆಕಟ್ಟು ತೆಗೆದು ಕೊಕ್ಕೆ ಹಾಕಬೇಕು. ಅಷ್ಟೇ."

"ಅಷ್ಟೇ ಮಾಡು."

"ಅತ್ತಿಗೆ," ಅಂದ ಮೈದುನ ಮೆಲ್ಲಗೆ, "ಜನರ ಮುಂದೆ ಯಾಕೆ? ಒಳಗೆ ಹೋಗಿ ಮಾತಾಡೋಣ."

"ಇಷ್ಟು ದಿನ ಒಳಗೇ ಇದ್ದೆನಲ್ಲಪ್ಪ."

"ಮೊನ್ನೆ ಹೇಳಿದೆನಲ್ಲ, ಹೆಸರು ಒಂದೇ ತಾನೇ..."

"ಒಂದೇ. ಅದಕ್ಕೇ ಹೇಳ್ತಿದ್ದೀನಿ. ಇಬ್ಬರಿಗೂ ಇದ್ದಿದ್ದು ಒಂದೇ ಹೆಸರು. ಕೌರ್ ಅಳಿಸಿದ್ರೆ ಉಳಿಯೋ ಹೆಸರು ಸತ್ತೋರದ್ದು. ನಾನು ಸತ್ತಿಲ್ಲ ಕಣಪ್ಪ. ಸಾಯಬೇಕು ಅಂತ ಅನ್ನಿಸಿತ್ತು. ಆದ್ರೆ ಸತ್ತಿಲ್ಲ."

ಮೈದುನ ಪಗಡಿಯ ಅಂಚು ಸರಿ ಮಾಡಿಕೊಂಡ, ಸರಿಯಾಗಿದ್ದರೂ. ಅವನ ಕಣ್ಣು ತುಂಬಿತ್ತು.

"ನಾನು ಆ ಅರ್ಥದಲ್ಲಿ ಅಂದಿದ್ದಲ್ಲ ಅತ್ತಿಗೆ."

"ಗೊತ್ತು. ಸಿಂಗ್ ಹಾಗೇ ಇರಲಿ. ಅದು ಅವರದ್ದು, ನಿನ್ನದೂ ಹೌದು."

ಪೇಂಟರು ಬಟ್ಟೆ ಹಿಡಿದು ಕಾದಿದ್ದ. "ಈ ಸಲ ತಪ್ಪಾಗಬಾರದು. ಅರ್ಥ ಏನಮ್ಮ ಅದಕ್ಕೆ? ಅರ್ಥ ಗೊತ್ತಾದ್ರೆ ಕೈ ತಪ್ಪಲ್ಲ."

"ರಾಜನ ಮಗು ಅಂತೆ."

"ಓ, ಕುವರಿ!" ಅಂದ ಪೇಂಟರು. "ಮೊದಲೇ ಹಾಗೆ ಹೇಳಿದ್ರೆ ಆಗ್ತಿತ್ತಲ್ಲಮ್ಮ. ನಮ್ಮ ಮಾತಲ್ಲೇ ಇದೆ." ಸೀಮೆಎಣ್ಣೆಯ ಬಟ್ಟೆ ಒತ್ತಿನ ಮೇಲೆ ಇಟ್ಟ.

ಅವಳು ನೋಡಲಿಲ್ಲ. ಆ ಸಣ್ಣ ಅಕ್ಷರದ ಜೊತೆಗೆ ಹೋಗುತ್ತಿದ್ದ ನಗು ಅವಳೊಬ್ಬಳಿಗೇ ಗೊತ್ತಿತ್ತು. ಲಾರಿಯ ಸೀಟಿನ ಕಡೆ ತಿರುಗಿ ಹರಿದ ಜಾಗಕ್ಕೆ ಕೈ ಹಾಕಿದಳು.

"ಇದನ್ನ ಯಾರು ಮಾಡ್ತಾರೆ?" ಅಂದ ಡ್ರೈವರು.

"ನಾನು."

"ನೀವು ಹೊಲೀತೀರ, ಗೊತ್ತು. ಬಿಗಿಯೋದು ಯಾರು ಅಂತ ಕೇಳಿದೆ."

"ಅದೂ ನಾನೇ. ಸಂಜೆಗೆ ಬಾ."

ಹೊಲಿಯುವುದು ಅವಳಿಗೆ ಉಸಿರಾಟದಷ್ಟು ಸುಲಭ. ಬಿಗಿಯುವುದು ಹಾಗಲ್ಲ. ದಪ್ಪ ರೆಕ್ಸಿನ್ ಕವರನ್ನು ಸ್ಪಂಜಿನ ಮೇಲೆ ಎಳೆದು, ಅಡಿಯ ಕಬ್ಬಿಣದ ಚೌಕಟ್ಟಿಗೆ ತಂತಿಯ ಉಂಗುರ ಹಾಕಿ ಇಕ್ಕಳದಿಂದ ಹಿಸುಕಬೇಕು. ಪರದೆಯ ಸಂದಿಯಿಂದ ನೋಡಿದ್ದು ಕೈಗೆ ಬರಲಿಲ್ಲ. ಮೊದಲ ಸಲ ಕವರನ್ನು ಹಿಂದುಮುಂದು ಹಾಕಿ ಅರ್ಧ ಬಿಗಿದ ಮೇಲೆ ಗೊತ್ತಾಯಿತು. ಬಿಚ್ಚಿದಳು. ಎರಡನೆಯ ಸಲ ಇಕ್ಕಳ ಜಾರಿ ಹೆಬ್ಬೆರಳಿನ ಚರ್ಮ ಹೋಯಿತು. ಮೈದುನ ಅಲ್ಲೇ ಬಾಗಿಲ ಬಳಿ ಕೂತಿದ್ದ. ಎದ್ದು ಬಂದು ಇಕ್ಕಳಕ್ಕೆ ಕೈ ಚಾಚಿದ.

"ಇಕ್ಕಳ ಬೇಡ. ಆ ಕಡೆ ಅಂಚು ಹಿಡ್ಕೊ," ಅಂದಳು. "ಜೋರಾಗಿ ಎಳಿ. ವ್ಯಾನಿನ ಬ್ರೇಕು ಅಂದ್ಕೊ."

"ನನ್ನ ವ್ಯಾನಿಗೆ ಬ್ರೇಕು ಎಲ್ಲಿದೆ ಅತ್ತಿಗೆ," ಅಂದ. ಅಷ್ಟು ದಿನಗಳಲ್ಲಿ ಅವಳು ಮೊದಲ ಸಲ ನಕ್ಕಳು. ನಕ್ಕದ್ದಕ್ಕೆ ತಪ್ಪು ಮಾಡಿದೆನೋ ಅನ್ನಿಸಿತು. ಆದರೂ ನಗು ಬಂದಾಗಿತ್ತು.

ಸಂಜೆ ಡ್ರೈವರು ಬಂದು ಸೀಟಿನ ಮೇಲೆ ಕೂತು ಎರಡು ಸಲ ಕುಪ್ಪಳಿಸಿದ. ಎಡ ಮೂಲೆಯಲ್ಲಿ ಒಂದು ಸುಕ್ಕು ಉಳಿದಿತ್ತು. ಅದನ್ನು ಸವರಿ, "ಸರ್ದಾರಣ್ಣ ಇದನ್ನ ಬಿಡ್ತಿರಲಿಲ್ಲ," ಅಂದ.

"ಬಿಡ್ತಿರಲಿಲ್ಲ. ಮುಂದಿನ ಸಲ ನಾನೂ ಬಿಡಲ್ಲ."

"ಹಾಗಾದ್ರೆ ಇನ್ನೊಂದು ಸೀಟೂ ತರ್ತೀನಿ, ಕ್ಲೀನರದ್ದು. ಅವನು ಎಲ್ಲಿ ಕೂರಿಸಿದ್ರೂ ನಿದ್ದೆ ಹೊಡೀತಾನೆ, ಸುಕ್ಕು ಗೊತ್ತಾಗಲ್ಲ." ಸೀಟನ್ನು ಹೆಗಲಿಗೇರಿಸಿ, ಬೋರ್ಡು ನೋಡಿ ಓದಿದ. "ಬರ್ತೀನಿ ಕೌರಮ್ಮ."

ಹಾಗೆ ಯಾರೂ ಅನ್ನುವುದಿಲ್ಲ. ಕರೆಯುವ ಸರಿಯಾದ ರೀತಿಯೂ ಅದಲ್ಲ. ಅವಳು ತಿದ್ದಲಿಲ್ಲ.

ಮೈದುನ ವ್ಯಾನು ಬಿಡಲಿಲ್ಲ. ರಜೆಯ ದಿನ ಬಂದು ಅಂಚು ಹಿಡಿಯುತ್ತಾನೆ. ಇಕ್ಕಳ ಇನ್ನೂ ಅವಳ ಕೈಯಲ್ಲೇ. ಕೆಲವು ಲಾರಿಯವರು ಬರುವುದು ಬಿಟ್ಟರು, ಅದನ್ನು ಮುಚ್ಚಿಡುವುದೇಕೆ. ಕೆಲವರು ಬರುತ್ತಾರೆ. ಬಾಗಿಲಲ್ಲಿ ನಿಂತು "ಯಾರೂ ಇಲ್ವಾ?" ಅಂತ ಈಗಲೂ ಒಬ್ಬಿಬ್ಬರು ಕೇಳುತ್ತಾರೆ. "ಇದ್ದೀನಿ, ಏನು ಬೇಕು?" ಅನ್ನುತ್ತಾಳೆ.

ಹಳೆಯ ಸೀಟು ಬಿಚ್ಚಿದಾಗ ತುಕ್ಕು ಹಿಡಿದ ಮೊಳೆ, ತಂತಿಯ ಚೂರು ಅಂಗಡಿಯ ಮುಂದಿನ ಮಣ್ಣಿನಲ್ಲಿ ಉದುರುತ್ತವೆ. ಬೆಳಗ್ಗೆ ಮೊದಲ ಗಾಡಿ ಬಂದು ನಿಲ್ಲುವ ಮುಂಚೆ ಅವನ್ನು ಹೆಕ್ಕಬೇಕು, ಇಲ್ಲದಿದ್ದರೆ ಯಾರದೋ ಟೈರಿಗೆ ಚುಚ್ಚುತ್ತವೆ. ಅದು ಮೊದಲಿನಿಂದಲೂ ಅವಳದೇ ಕೆಲಸ. ಹಳೆಯ ರೇಡಿಯೋದ ಒಂದು ಮ್ಯಾಗ್ನೆಟ್ಟಿಗೆ ದಾರ ಕಟ್ಟಿಕೊಂಡು, ಅದನ್ನು ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಎಳೆಯುತ್ತಾ ನಡೆಯುತ್ತಾಳೆ. ಅಂಟಿದ ಮೊಳೆಗಳನ್ನು ಬೆರಳಿನಿಂದ ಬಿಡಿಸಿ ಡಬ್ಬಿಗೆ ಹಾಕುತ್ತಾಳೆ. ಗಾಡಿ ನಿಲ್ಲುವ ಜಾಗದಲ್ಲಿ ಇನ್ನೊಂದು ಸಲ ಎಳೆಯುತ್ತಾಳೆ.